ಹರಕು ಅಂಗಿಯ ಯೋಧ

ಎಲ್ಲಕ್ಕೂ ಕಾರಣ ಧೂಳು ಒರೆಸುವ ಬಟ್ಟೆ.

ಅತ್ತೆ ಕಣ್ಣಿನ ಆಸ್ಪತ್ರೆಗೆ ಹೊರಟ ಮೇಲೆ ಅವರ ಕೋಣೆಯನ್ನೊಮ್ಮೆ ಚೊಕ್ಕಟ ಮಾಡಿಬಿಡೋಣ ಎಂದು ಸೊಸೆ ಒಳಗೆ ಹೋದಳು. ಟೀವಿ ಒರೆಸಿದಳು, ಅದರ ಕೆಳಗಿದ್ದ ಆಟದ ಕಪ್ಪು ಪೆಟ್ಟಿಗೆ ಒರೆಸಿದಳು. ಆಮೇಲೆ ಆಟದ ರಿಮೋಟನ್ನು ಎತ್ತಿಕೊಂಡು, ಗುಂಡಿಗಳ ಸಂದಿಯಲ್ಲಿ ಕೂತಿದ್ದ ಕೊಳೆಯನ್ನು ಕೂಸಿನ ಕಿವಿ ಒರೆಸುವಷ್ಟು ಮುತುವರ್ಜಿಯಿಂದ ಉಜ್ಜಿದಳು. ಪೆಟ್ಟಿಗೆ ಕುಂಯ್ ಎಂದಿತು. ಟೀವಿ ತಾನೇ ಬೆಳಗಿತು. ಪರದೆಯ ಮೇಲೆ ಏನೋ ಒಂದು ಪ್ರಶ್ನೆ ಮೂಡಿತು. ಓದುವಷ್ಟರಲ್ಲಿ ಬಟ್ಟೆ ಇನ್ನೊಂದು ಗುಂಡಿಯ ಮೇಲೆ ಜಾರಿ ಪ್ರಶ್ನೆ ಮಾಯವಾಯಿತು.

ಕಂಡದ್ದು ಒಂದು ಕಲ್ಲಿನ ಸೆರೆಕೋಣೆ. ಅದರ ಮೂಲೆಯಲ್ಲಿ ಹರಕು ಅಂಗಿ ತೊಟ್ಟು, ಕೈಯಲ್ಲಿ ಮುರಿದ ಕೋಲು ಹಿಡಿದು ನಿಂತಿದ್ದ ಒಬ್ಬ ಬಡಪಾಯಿ.

ಸೊಸೆ ಬಟ್ಟೆ ಕೆಳಗಿಟ್ಟಳು. ಕಾಫಿ ಕೊಡಲು ಬಂದಾಗಲೆಲ್ಲ ಅವಳು ಅತ್ತೆಯ ಯೋಧನನ್ನು ನೋಡಿದ್ದಳು. ಮೈತುಂಬ ಕರಿ ಉಕ್ಕಿನ ಕವಚ, ಶಿರಸ್ತ್ರಾಣದ ಮೇಲೆ ಕೆಂಪು ಗರಿ, ಆಳೆತ್ತರದ ಕತ್ತಿ. ಎಲ್ಲಿ ಹೋದ ಅವನು? ಅತ್ತೆ ತಿಂಗಳುಗಟ್ಟಲೆ ಕೂತು ಬೆಳೆಸಿದ ಯೋಧನನ್ನು ತಾನು ಕೊಳೆಯ ಜೊತೆಗೆ ಒರೆಸಿ ಹಾಕಿದೆನೆ?

ಆ ಯೋಧ ಇದ್ದದ್ದರಿಂದಲೇ ಸೊಸೆಗೆ ಅಡುಗೆಮನೆ ದಕ್ಕಿತ್ತು. ಅತ್ತೆ ನಿವೃತ್ತ ಹೆಡ್ ಮಿಸ್. ಶಾಲೆ ಬಿಟ್ಟ ಮರುದಿನದಿಂದ ಅಡುಗೆಮನೆಯ ಹೊಸ್ತಿಲೇ ಅವರ ಶಾಲೆಯಾಗಿತ್ತು. "ಉರಿ ಸಣ್ಣ ಮಾಡು." "ಆ ಸೌಟು ಅಲ್ಲಿ ಇಡೋದಲ್ಲ." "ಈರುಳ್ಳಿ ಹೆಚ್ಚೋದು ಹೀಗಾ?" ಮದುವೆಯಾಗಿ ಇಷ್ಟು ವರ್ಷವಾದರೂ ಸೊಸೆ ಒಲೆಯ ಮುಂದೆ ಮಗ್ಗಿ ಮರೆತ ಹುಡುಗಿಯ ಹಾಗೆ ನಿಲ್ಲುತ್ತಿದ್ದಳು. ಅಷ್ಟರಲ್ಲಿ ಅವಳ ಗಂಡ ಆಫೀಸಿನ ಚೀಟಿ ಎತ್ತುವ ಸ್ಪರ್ಧೆಯಲ್ಲಿ ಈ ಪೆಟ್ಟಿಗೆ ಗೆದ್ದು ತಂದ. ಎರಡು ದಿನ ಆಡಿ, ಆಡಿದಷ್ಟು ಸಲವೂ ಸತ್ತು, "ಇದು ಮನುಷ್ಯರು ಆಡೋ ಆಟ ಅಲ್ಲ" ಎಂದು ರಿಮೋಟು ಬಿಸಾಡಿದ. ಅತ್ತೆ ಕನ್ನಡಕ ಏರಿಸಿ, "ಕೊಡಿಲ್ಲಿ" ಎಂದರು. ಅಂದಿನಿಂದ ಅವರು ಅಡುಗೆಮನೆಯ ಕಡೆ ತಲೆ ಹಾಕಿರಲಿಲ್ಲ. ಸೊಸೆ ಹಾಲು ಉಕ್ಕಿಸಿದಳು, ಸಾರು ಸೀಯಿಸಿದಳು, ಹಾಡು ಗುನುಗಿದಳು. ಕೇಳುವವರೇ ಇರಲಿಲ್ಲ.

ಈಗ ಯೋಧ ಇಲ್ಲವೆಂದರೆ ಅತ್ತೆ ಹೊಸ್ತಿಲಿಗೆ ವಾಪಸು.

ಅವರು ಬರುವುದು ಸಂಜೆಗೆ. ಅಷ್ಟರಲ್ಲಿ ಈ ಬಡಪಾಯಿಗೆ ಒಂದು ಕವಚ, ಒಂದು ಕೆಂಪು ಗರಿ ಸಂಪಾದಿಸಿಕೊಟ್ಟರೆ ಸಾಕಲ್ಲ ಎಂದುಕೊಂಡು, ಸೊಸೆ ಸೆರಗು ಸಿಕ್ಕಿಸಿ ಕೂತಳು. ಸೆರೆಕೋಣೆಯ ಬಾಗಿಲು ತೆರೆದು ಹೊರಗೆ ಕಾಲಿಟ್ಟಳು. ಒಂದು ಇಲಿ ಬಂತು. ಇಲಿ ತಾನೇ ಎಂದು ಅವಳು ಕೋಲೆತ್ತುವಷ್ಟರಲ್ಲಿ ಅದು ಅವನನ್ನು ಮುಗಿಸಿತು. ಪರದೆ ಕಪ್ಪಾಗಿ, ಎಲ್ಲೋ ಆಳದಲ್ಲಿ ಢಣ್ಣೆಂದು ಒಂದು ಗಂಟೆ ಬಾರಿಸಿತು. ಮತ್ತೆ ಸೆರೆಕೋಣೆ. ಮತ್ತೆ ಇಲಿ. ಢಣ್. ಮೂರನೆಯ ಸಲ ಇಲಿಯನ್ನು ಗೆದ್ದಳು. ಮೆಟ್ಟಿಲಲ್ಲಿ ಕಾಲು ತಪ್ಪಿ ಬಿದ್ದಳು. ಢಣ್.

ಹೊರಬಾಗಿಲಲ್ಲಿ ಕೆಮ್ಮು ಕೇಳಿಸಿತು. ಮೇಲ್ಮನೆಯ ಡ್ರೈವರ್ ಮಾವ. ಬಸ್ಸು ಓಡಿಸುವುದು ಬಿಟ್ಟು ವರ್ಷಗಳಾದರೂ ಕೂತಲ್ಲೇ ಕಾಲು ಬ್ರೇಕು ಒತ್ತುತ್ತಿದ್ದ ಮನುಷ್ಯ.

"ಏನಮ್ಮಾ, ಬೆಳಿಗ್ಗೆ ಬೆಳಿಗ್ಗೆ ಒಂದೇ ಸಮ ಗಂಟೆ? ಟೀಚರಮ್ಮ ಆಡುವಾಗ ಇಷ್ಟೊಂದು ಬಾರಿಸಲ್ಲ."

ಅವರ ಬೆನ್ನಿಗೇ ಎದುರುಮನೆಯ ಟೈಲರಕ್ಕ, ಕುತ್ತಿಗೆಯಲ್ಲಿ ಅಳತೆ ಟೇಪಿನ ಸಮೇತ. "ನಾನೂ ಅದೇ ಅಂದ್ಕೊಂಡೆ. ಇದು ಅವರ ಕೈ ಅಲ್ಲ ಅಂತ. ಏನ್ ಮಾಡಿಟ್ಟೆ ಮಾರಾಯ್ತಿ?"

ಅಳುವುದೊಂದು ಬಾಕಿ ಎನ್ನುವ ಹಾಗೆ ಸೊಸೆ ಎಲ್ಲ ಹೇಳಿದಳು. ಇಬ್ಬರೂ ಕುರ್ಚಿ ಎಳೆದುಕೊಂಡರು. ಅಳಿಸಿಹೋದ ಯೋಧನ ಬಗ್ಗೆ ಮರುಗುವುದಕ್ಕಿಂತ, ಎದುರಿಗಿರುವ ಹರಕು ಅಂಗಿಯವನಿಗೆ ಬುದ್ಧಿ ಹೇಳುವುದು ಇಬ್ಬರಿಗೂ ಹೆಚ್ಚು ಇಷ್ಟವಾಯಿತು.

"ಮೊದಲು ಗ್ಯಾಪ್ ಬಿಡು ತಾಯಿ," ಎಂದರು ಡ್ರೈವರ್ ಮಾವ. "ಮುಂದಿನ ಗಾಡಿಗೆ ಅಂಟ್ಕೊಂಡು ಹೋಗ್ತಿದ್ದೀಯ. ಎದುರಿನವನು ಕೈ ಎತ್ತೋದನ್ನ ನೋಡು, ಪಕ್ಕಕ್ಕೆ ತಿರುಗಿಸು, ಆಮೇಲೆ ಒಂದು ಏಟು. ಒಂದೇ! ಎರಡನೇದಕ್ಕೆ ಆಸೆ ಬಿದ್ದೆಯೋ, ಹೋಯ್ತು."

ಅವಳು ಎರಡನೆಯದಕ್ಕೆ ಆಸೆ ಬಿದ್ದಳು. ಢಣ್.

"ಬ್ರೇಕು, ಬ್ರೇಕು! ಹೇಳ್ಲಿಲ್ವಾ!"

"ಸುಮ್ನಿರಿ ಮಾವ, ನೀವು ಬ್ರೇಕು ಬ್ರೇಕು ಅಂತ ಕಿರುಚಿದ್ರೆ ಅವಳೇನ್ ಮಾಡ್ತಾಳೆ, ಇದರಲ್ಲಿ ಬ್ರೇಕ್ ಎಲ್ಲಿದೆ?" ಎಂದು ಟೈಲರಕ್ಕ ಮುಂದೆ ಬಾಗಿದಳು. "ನೋಡೇ, ದಾರಿಯಲ್ಲಿ ಸಿಕ್ಕಿತು ಅಂತ ಆ ಕಬ್ಬಿಣದ ಅಂಗಿ ಹಾಕಿಸಿದೀಯಲ್ಲ, ಅದು ಅವನ ಮೈಗೆ ಭಾರ. ಮಗ್ಗುಲಾಗೋಕೇ ಆಗ್ತಿಲ್ಲ ಪಾಪ, ನೆನೆದ ಹಾಸಿಗೆ ಹಾಗೆ ಹೊರಳ್ತಾನೆ. ತೆಗೆದುಬಿಡು. ಹರಕು ಅಂಗಿನೇ ವಾಸಿ."

ತೆಗೆದಳು. ಹರಕು ಅಂಗಿಯವನು ಹುರಿದ ಕಾಳಿನ ಹಾಗೆ ಪುಟಿದ.

ಹೀಗೆ ಒಂದೊಂದಾಗಿ ತಿಳಿಯತೊಡಗಿತು. ವೈರಿಗಳನ್ನು ಕೊಂದರೆ ಬೆಳಕಿನ ಕಿಡಿಗಳು ಸಿಗುತ್ತವೆ. ಸತ್ತರೆ ಅವೆಲ್ಲ ಸತ್ತಲ್ಲೇ ಬಿದ್ದಿರುತ್ತವೆ. ಮತ್ತೆ ಸಾಯದೆ ಅಲ್ಲಿಯವರೆಗೆ ಹೋದರೆ ಎತ್ತಿಕೊಳ್ಳಬಹುದು. ದಾರಿಯ ದೀಪದ ಕಂಬಕ್ಕೆ ಒರಗಿ ಕೂತರೆ ಗಾಯ ಮಾಯುತ್ತದೆ, ಜೊತೆಗೆ ಸತ್ತ ವೈರಿಗಳೂ ಎದ್ದು ಕೂರುತ್ತಾರೆ. "ಇದೇನಮ್ಮಾ, ಕಸ ಗುಡಿಸಿದ ಹಾಗೆ," ಎಂದರು ಡ್ರೈವರ್ ಮಾವ. ಸೊಸೆಗೆ ನಗು ಬಂತು. ದಿನಾ ಮಾಡಿದ್ದನ್ನೇ ಮಾಡುವ ಕೆಲಸ ಅವಳಿಗೆ ಹೊಸದಾಗಿರಲಿಲ್ಲ. ಹೊಸದೆಂದರೆ, ಇಲ್ಲಿ ಬಿದ್ದಾಗ ಯಾರೂ ಬೈಯುತ್ತಿರಲಿಲ್ಲ. ಒಂದು ಗಂಟೆ ಬಾರಿಸುತ್ತಿತ್ತು, ಅಷ್ಟೆ. ಆಮೇಲೆ ಏಳಬಹುದಿತ್ತು.

ಸೇತುವೆಯ ಕೆಳಗೆ ಲಾಂದ್ರ ಹಿಡಿದು ಕೂತ ಒಬ್ಬ ಮುದುಕ ಸಿಕ್ಕಿದ. ಅಂಗಡಿಯವನು. ಅವನ ಹಿಂದೆ ಗುರಾಣಿಗಳು, ಔಷಧಿಯ ಕುಪ್ಪಿಗಳು. ಮತ್ತು, ಮೇಲಿನ ಮೊಳೆಯಲ್ಲಿ, ಒಂದು ಕೆಂಪು ಗರಿ!

"ಕೊಡೇ ಇಲ್ಲಿ, ವ್ಯಾಪಾರ ನಾನು ಮಾಡ್ತೀನಿ," ಎಂದು ಟೈಲರಕ್ಕ ರಿಮೋಟು ಕಸಿದುಕೊಂಡಳು. "ನಿನಗೆ ಚೌಕಾಸಿ ಬರಲ್ಲ." ರೇಟು ಕೇಳಲು ಗುಂಡಿ ಒತ್ತಿದಳು. ಹರಕು ಅಂಗಿಯವನು ಕೋಲೆತ್ತಿ ಮುದುಕನ ನೆತ್ತಿಗೆ ಒಂದು ಬಾರಿಸಿದ.

ಮುದುಕ ಲಾಂದ್ರವನ್ನು ಮೆಲ್ಲಗೆ ಕೆಳಗಿಟ್ಟ. ಎದ್ದು ನಿಂತ. ನಿಲ್ಲುತ್ತಲೇ ಹೋದ; ತಲೆ ಸೇತುವೆಗೆ ತಾಗಿತು.

ಢಣ್.

"ಅಂಗಡಿಯವನಿಗೇ ಹೊಡೆದ್ರಲ್ಲ ಅಕ್ಕಾ!"

"ನಾನೆಲ್ಲಿ ಹೊಡೆದೆ? ಕೇಳಿದೆ ಅಷ್ಟೆ! ಗಿರಾಕಿ ಹತ್ರ ಹೀಗಾ ನಡ್ಕೊಳ್ಳೋದು ಅವನು?"

ಅಲ್ಲಿಂದ ಮುಂದೆ ಇವರ ತಲೆ ಕಂಡರೆ ಸಾಕು, ಮುದುಕ ಲಾಂದ್ರ ಕೆಳಗಿಡುತ್ತಿದ್ದ. ಗುರಾಣಿ ಹೋಯಿತು, ಔಷಧಿ ಹೋಯಿತು, ಕೆಂಪು ಗರಿ ಹೋಯಿತು. ಉಳಿದ ದಾರಿ ಒಂದೇ, ಕೋಟೆಯ ಹೆಬ್ಬಾಗಿಲು. ಅದರ ಮುಂದೆ ಒಬ್ಬ ಕಾವಲುಗಾರ. ಅವನ ಮೊಣಕಾಲಿಗೆ ನಮ್ಮವನ ತಲೆ ಬರುತ್ತಿತ್ತು. ಅವನ ಹೆಗಲ ಮೇಲಿನ ಸುತ್ತಿಗೆ ನೀರಿನ ಟ್ಯಾಂಕಿನಷ್ಟಿತ್ತು.

ಸೊಸೆ ಊಟ ಮರೆತಳು. ಟೈಲರಕ್ಕನ ಗಿರಾಕಿಗಳು ಬಾಗಿಲು ತಟ್ಟಿ ಹೋದರು. ಗಂಟೆ ಬಾರಿಸುತ್ತಲೇ ಇತ್ತು. ಆದರೆ ಒಂದೊಂದು ಸಲ ಬಿದ್ದಾಗಲೂ ಆ ಕಾವಲುಗಾರ ಸ್ವಲ್ಪ ಸ್ವಲ್ಪವೇ ಪರಿಚಯವಾಗುತ್ತ ಬಂದ. ಸುತ್ತಿಗೆ ಎತ್ತುವ ಮುಂಚೆ ಅವನ ಎಡಹೆಗಲು ಚೂರು ಕುಸಿಯುತ್ತಿತ್ತು. ಹೊಡೆದ ಮೇಲೆ ಒಂದು ಉಸಿರಿನಷ್ಟು ಹೊತ್ತು ಸುಸ್ತಾಗಿ ನಿಲ್ಲುತ್ತಿದ್ದ. ಹೊಸ್ತಿಲಲ್ಲಿ ನಿಂತ ಅತ್ತೆಯ ಹೆಗಲು ಏರಿಳಿಯುವುದನ್ನು ಇಷ್ಟು ವರ್ಷ ತಿರುಗದೆ ಬೆನ್ನಿನಿಂದಲೇ ನೋಡುತ್ತ ಬಂದವಳಿಗೆ ಇದೇನು ಕಷ್ಟದ ವಿದ್ಯೆಯಲ್ಲ. ಕಡೆಗೊಮ್ಮೆ ಡ್ರೈವರ್ ಮಾವ ಬಾಯಿ ಮುಚ್ಚಿದರು, ಟೈಲರಕ್ಕ ಟೇಪನ್ನು ಕಚ್ಚಿಕೊಂಡಳು. ಸೊಸೆ ತಪ್ಪಿಸಿಕೊಂಡು ಒಂದು ಏಟು, ಸರಿದು ಒಂದು ಏಟು, ಎರಡನೆಯದರ ಆಸೆಯಿಲ್ಲದೆ ಕೊಡುತ್ತ ಹೋದಳು. ಕಾವಲುಗಾರ ಹಳೆಯ ಗೋಡೆಯ ಹಾಗೆ ಮುಗ್ಗರಿಸಿ ಬಿದ್ದ.

ಹೆಬ್ಬಾಗಿಲು ತೆರೆಯಿತು.

ಕಾಲ ಕೆಳಗೆ ಮೋಡಗಳಿದ್ದವು. ಮೋಡಗಳ ನಡುವಿನಿಂದ ಗೋಪುರಗಳು ಎದ್ದಿದ್ದವು, ಒಂದರ ಹಿಂದೆ ಒಂದು, ದೂರ ಹೋದಂತೆ ನೀಲಿಯಾಗಿ, ಹೊಗೆಯಾಗಿ. ಅವುಗಳ ನಡುವೆ ನೂಲಿನಂಥ ಸೇತುವೆಗಳು. ಕಣಿವೆಯ ಆಚೆ ಬಿಸಿಲು ಇಳಿಯುತ್ತಿತ್ತು. ಒಂದು ಬಿಳಿಯ ಹಕ್ಕಿ, ಅದೂ ಮನೆಯಷ್ಟು ದೊಡ್ಡದು, ಸದ್ದಿಲ್ಲದೆ ತೇಲಿಹೋಯಿತು.

"ಈ ರೋಡು..." ಎಂದರು ಡ್ರೈವರ್ ಮಾವ, "ಎಲ್ಲಿಗೆ ಹೋಗುತ್ತಮ್ಮಾ?"

ಟೈಲರಕ್ಕ ಕಣ್ಣೊರೆಸಿಕೊಂಡಳು. ಯಾಕೆಂದು ಅವಳಿಗೇ ಗೊತ್ತಾಗಲಿಲ್ಲ.

ಸೊಸೆ ಪರದೆಯ ಹತ್ತಿರ ಸರಿದಳು. ತಾನು ಪಕ್ಕದ ಕೋಣೆಯಲ್ಲಿ ಪಾತ್ರೆ ಉಜ್ಜುತ್ತಿದ್ದಾಗ ಅತ್ತೆ ಇಲ್ಲಿ ಓಡಾಡುತ್ತಿದ್ದರೇ? ಆ ಇಲಿ, ಆ ಮೆಟ್ಟಿಲು, ಆ ಸುತ್ತಿಗೆ, ಎಲ್ಲವುಗಳ ಏಟನ್ನೂ ಒಬ್ಬರೇ ತಿಂದು, ಒಬ್ಬರೇ ಎದ್ದು, ಇದನ್ನೆಲ್ಲ ಕಣ್ತುಂಬ ನೋಡಿ, ಆಮೇಲೆ ಊಟಕ್ಕೆ ಬಂದು "ಉಪ್ಪು ಸರಿಯಾಗಿದೆ" ಎಂದಷ್ಟೇ ಹೇಳಿ ಏಳುತ್ತಿದ್ದರಲ್ಲ! ಇಷ್ಟು ವರ್ಷ ಭಯಪಟ್ಟ ಹೆಂಗಸಿನೊಳಗೆ ಇಷ್ಟು ದೊಡ್ಡ ಬಯಲಿರಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ.

ಕೆಳಗೆ ಕಾರಿನ ಬಾಗಿಲು ಬಡಿದ ಸದ್ದಾಯಿತು. ಸಲಹೆಗಾರರಿಬ್ಬರೂ ಬಂದ ವೇಗಕ್ಕಿಂತ ಜೋರಾಗಿ ಮಾಯವಾದರು. ಸೊಸೆ ಟೀವಿ ಆರಿಸಿದಳು.

ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು, ಗೋಡೆ ಹಿಡಿದುಕೊಂಡು ಬಂದರು. ಕಣ್ಣಿಗೆ ಹನಿ ಬಿಟ್ಟಿದ್ದರಂತೆ; ನಾಳೆವರೆಗೆ ಎಲ್ಲ ಮಸುಕು. ಸೊಸೆಗೆ ಹೋದ ಜೀವ ಬಂತು. ಒಂದು ರಾತ್ರಿಯ ಬಿಡುವು!

"ಟೀವಿ ಹಾಕು," ಎಂದರು ಅತ್ತೆ ಕೂರುತ್ತ.

"ಕಣ್ಣು ಕಾಣಲ್ವಲ್ಲ ಅತ್ತೆ?"

"ಕಿವಿ ಇದೆಯಲ್ಲ. ಸುಮ್ನೆ ಕೇಳ್ತೀನಿ, ಹಾಕು."

ಹಾಕದೆ ವಿಧಿಯಿರಲಿಲ್ಲ. ಕೋಣೆಯ ತುಂಬ ಗಾಳಿಯ ಸದ್ದು ಹರಡಿತು. ಅತ್ತೆ ತಲೆ ಓರೆ ಮಾಡಿದರು.

"ಇದು ಹೆಬ್ಬಾಗಿಲ ಆಚೆಯ ಗಾಳಿ," ಎಂದರು ನಿಧಾನವಾಗಿ. "ಕಾವಲುಗಾರನ್ನ ಹೊಡೆದದ್ದು ಯಾರು?"

ಸೊಸೆ ಕಾಲಿನ ಹೆಬ್ಬೆರಳು ನೋಡುತ್ತ ಎಲ್ಲ ಒಪ್ಪಿಕೊಂಡಳು. ಬಟ್ಟೆ, ಗುಂಡಿ, ಅಳಿಸಿಹೋದ ಯೋಧ, ಎಲ್ಲವನ್ನೂ.

"ನೀನೇನೂ ಅಳಿಸಲಿಲ್ಲ ಕಣೆ," ಎಂದರು ಅತ್ತೆ. "ಅವನ ಆಟ ನಿನ್ನೆಯೇ ಮುಗೀತು. ಕೊನೆ ಕಂಡೆ. ಕಂಡ ಮೇಲೆ ಖಾಲಿ ಖಾಲಿ ಅನ್ನಿಸ್ತು. ಎಲ್ಲ ಮೊದಲಿಂದ ನೋಡೋಣ ಅಂತ ನಾನೇ ಅವನನ್ನ ಅಳಿಸಿ, ಹೊಸಬನ್ನ ಸೆರೆಮನೇಲಿ ನಿಲ್ಲಿಸಿ ಮಲಗಿದೆ. ಆ ಹರಕು ಅಂಗಿಯವನು ನನ್ನವನೇ. ಆಸ್ಪತ್ರೆಯಲ್ಲಿ ಕೂತು ಇಡೀ ದಿನ ನೆನೆಸ್ಕೊಳ್ತಿದ್ದೆ, ಆ ಬಾಗಿಲು ಇನ್ನೊಂದು ಸಲ ತೆಗೆಯುತ್ತಲ್ಲ ಅಂತ."

ಬೆಳಿಗ್ಗೆ ಏನೂ ಕೆಟ್ಟಿರಲಿಲ್ಲ. ಕೆಟ್ಟದ್ದೆಲ್ಲ ಆಮೇಲೆ, ಸರಿಪಡಿಸುವಾಗ.

"ಅಂಗಡಿಯವನ ಹತ್ರ ಏನಾದ್ರೂ ತಗೊಂಡೆಯಾ?"

"ಅವರು... ಸ್ವಲ್ಪ ಕೋಪ ಮಾಡ್ಕೊಂಡಿದ್ದಾರೆ ಅತ್ತೆ."

"ಎಷ್ಟು?"

"ಎದ್ದು ನಿಲ್ಲೋಷ್ಟು."

ಅತ್ತೆ ಹಣೆ ಚಚ್ಚಿಕೊಂಡರು. ಸೊಸೆ ಸಣ್ಣ ದನಿಯಲ್ಲಿ, "ಮತ್ತೆ ಅಳಿಸಿ, ಮೊದಲಿಂದ ಇಟ್ಟುಕೊಡ್ಲಾ?" ಎಂದಳು.

"ಬೇಡ. ನನಗೂ ಗೊತ್ತಿತ್ತು, ಎಷ್ಟು ಸಲ ಅಳಿಸಿದ್ರೂ ಅದು ಮೊದಲ ಸಲದ ಹಾಗೆ ಕಾಣಲ್ಲ. ನಿನಗೆ ಇವತ್ತು ಕಂಡಿದೆ. ನೀನೇ ಆಡು. ನಂದು ಮುಗೀತು."

ಸೊಸೆಯ ಕಣ್ಣಲ್ಲಿ ನೀರು ತುಂಬಿತು. ರಿಮೋಟನ್ನು ಕೈಗೆತ್ತಿಕೊಂಡಳು. ಕಣಿವೆ, ಮೋಡ, ಆ ನೀಲಿ ಗೋಪುರಗಳು. ಎಲ್ಲ ತನ್ನವು! ಇನ್ನು ಮಧ್ಯಾಹ್ನಗಳೆಲ್ಲ...

ಹಿಂದೆ ನೆಲದ ಮೇಲೆ ಕುರ್ಚಿ ಎಳೆದ ಸದ್ದಾಯಿತು. ಅದು ಸರಿಯುತ್ತ ಬಂದು ಅವಳ ಬೆನ್ನಿಗೆ ತಾಗಿ ನಿಂತಿತು.

"ನಂಗೂ ಇನ್ನು ಬೇರೆ ಕೆಲಸ ಇಲ್ವಲ್ಲ," ಎಂದರು ಅತ್ತೆ ಆರಾಮವಾಗಿ ಕೂತು. "ಬೆಳಿಗ್ಗೆ ಅಡುಗೆಮನೆ. ತಿಂಗಳುಗಟ್ಟಲೆ ಆಯ್ತು, ಅದನ್ನ ಏನು ಮಾಡಿಟ್ಟಿದ್ದೀಯೋ ನೋಡಬೇಕು. ಮಧ್ಯಾಹ್ನ ಇದು. ಬೆನ್ನು ನೆಟ್ಟಗೆ ಮಾಡು. ನಂಗೆ ಕಾಣದಿದ್ರೂ ಗೊತ್ತು, ಹೆಬ್ಬೆರಳು ಹಾಗಲ್ಲ ಇಡೋದು. ಏನು ಹಾಗೇ ನಿಂತ್ಬಿಟ್ಟೆ? ಇದನ್ನೇ ಇಷ್ಟು ಬಾಯಿ ಬಿಟ್ಕೊಂಡು ನೋಡಿದ್ರೆ ಮುಂದಿನದಕ್ಕೆ ಏನು ಮಾಡ್ತೀಯ? ನಡಿ, ನಡಿ. ಬಲಕ್ಕೆ!"