ಕಡ ತಂದ ವಯಸ್ಸಿನ ಮನೆ

“ನೋಡ್ತಿರು! ಈ ಮನೆಯ ಒಂದೊಂದು ಇಟ್ಟಿಗೆಯೂ ನನ್ನ ಕಣ್ಣೆದುರೇ ಕೂರ್ಬೇಕು. ನನಗೆ ಸಲಾಮು ಹೊಡೀದೆ ಒಂದು ಬುಟ್ಟಿ ಮರಳೂ ಒಳಗೆ ಹೋಗಕೂಡದು!”

ಹೀಗೆಂದು ತಿಯೆಮರು ಊಟದ ಮೇಜನ್ನು ಗುದ್ದಿದರು. ಅದೇ ಗಳಿಗೆಗೆ ಹನೋಯ್ ರೈಲೂ ಹಾದುಹೋದದ್ದರಿಂದ ಲೋಟಗಳು ಕುಣಿದದ್ದು ಗುದ್ದಿಗೋ ರೈಲಿಗೋ ತಿಳಿಯಲಿಲ್ಲ. ಹುಯೆ ಪಟ್ಟಣದಂಚಿನ ರೈಲ್ವೆ ಗೇಟು ಕಾದು ನಿವೃತ್ತರಾದ ಮನುಷ್ಯ. ಮೂವತ್ತೆಂಟು ವರ್ಷ ಹಳಿಯಿಂದ ಹತ್ತು ಹೆಜ್ಜೆ ದೂರದ ಕ್ವಾರ್ಟರ್ಸಿನಲ್ಲಿ ಸಂಸಾರ. ಮದುವೆಯಾದಂದಿನಿಂದ ಗಂಡ ಹೆಂಡತಿ ಒಂದು ಜಗಳವನ್ನೂ ಪೂರ್ತಿ ಮುಗಿಸಿದವರಲ್ಲ. ಮುಖ್ಯವಾದ ಬೈಗುಳ ಬಾಯಿಗೆ ಬರುವ ಹೊತ್ತಿಗೆ ಸರಿಯಾಗಿ ಗೂಡ್ಸ್ ಗಾಡಿ! ಅಲುಗಾಡದ ನಾಲ್ಕು ಗೋಡೆ, ಸದ್ದಿಲ್ಲದ ಒಂದು ನಿದ್ದೆ. ನದಿಯಾಚೆ ಅಂಗೈಯಗಲ ಜಾಗ ಕೊಂಡದ್ದು ಇಷ್ಟಕ್ಕೇ. ಹೊಸ ವರ್ಷದ ತೆತ್ ಹಬ್ಬವನ್ನು ಅಲ್ಲೇ ಮಾಡಬೇಕು ಎಂಬುದು ಇಬ್ಬರ ಹಟ.

ಹೆಂಡತಿ ಲಿಯೂ ಜೋಯಿಸರ ಮನೆಯಿಂದ ಒದ್ದೆ ಛತ್ರಿ ಕೊಡವುತ್ತಾ ಬಂದರು.

“ರೀ, ನಿಮ್ಮ ವಯಸ್ಸು ಸರಿಯಿಲ್ವಂತೆ.”

“ಅದಕ್ಕೆ ಜೋಯಿಸರು ಯಾಕೆ? ನನ್ನ ಮಂಡಿ ದಿನಾ ಹೇಳುತ್ತಲ್ಲ!”

“ತಮಾಷೆ ಬೇಡ. ಅರವತ್ತಾರಕ್ಕೆ ಮನೆ ಕಟ್ಟೋ ಹಾಗಿಲ್ಲ. ಕಟ್ಟಿದ್ರೆ ಕುತ್ತು.”

“ಯಾರಿಗೆ?”

ಲಿಯೂ ಛತ್ರಿ ಮಡಚಿದರು. “ನಿಮಗೇ. ಇನ್ಯಾರಿಗೆ?”

“ನನಗಾ? ಹುಹ್! ಮೂವತ್ತೆಂಟು ವರ್ಷ ಎಕ್ಸ್‌ಪ್ರೆಸ್ ರೈಲಿನ ಮುಂದೆ ಬಾವುಟ ಹಿಡಿದು ನಿಂತವನು ನಾನು!”

ಆದರೆ ಹುಯೆಯಲ್ಲಿ ಹೀಗಾದವರು ಮನೆ ಕಟ್ಟುವುದನ್ನೇನೂ ಬಿಡುವುದಿಲ್ಲ. ಪಕ್ಕದ ಮನೆಯಿಂದ ಸಕ್ಕರೆ ಕಡ ತಂದಂತೆ ಒಳ್ಳೆಯ ವಯಸ್ಸಿನವನೊಬ್ಬನಿಂದ ವಯಸ್ಸು ಕಡ ತರುತ್ತಾರೆ. ಕಾಗದದ ಮೇಲೆ ಮನೆ ಅವನದು. ಗುದ್ದಲಿ ಪೂಜೆಗೆ ಅವನೇ, ತಾರಸಿಗೂ ಅವನೇ. ಗೃಹಪ್ರವೇಶದ ದಿನ ಅವನಿಂದ ಕೊಂಡಂತೆ ನಟಿಸಿ ಒಳಗೆ ಹೋದರಾಯಿತು. ಲಿಯೂ ಆರಿಸಿದ್ದು ತಮ್ಮ ಅಣ್ಣನ ಮಗ ಕ್ವಿಯನ್ನು. ವಯಸ್ಸು ಇಪ್ಪತ್ತೇಳು, ಮೋಟಾರ್‌ಬೈಕ್ ಅಂಗಡಿಯ ಗುಮಾಸ್ತ. ಅವನ ಬಾಡಿಗೆ ಕೋಣೆ ಎಷ್ಟು ಕಿರಿದೆಂದರೆ ಪ್ಯಾಂಟಿಗೆ ಕಾಲು ತೂರಿಸಬೇಕಾದರೆ ಬಾಗಿಲು ತೆಗೆಯಬೇಕು. ಅಂಥವನು ಒಂದೇ ದಿನದಲ್ಲಿ ಗೃಹಸ್ವಾಮಿ!

“ಸರಿ. ಅವನು ಪೂಜೆ ಮಾಡ್ಲಿ, ನಾನು ಪಕ್ಕದಲ್ಲಿ ನಿಂತಿರ್ತೀನಿ.”

“ನೀವು ಆ ಕಡೆ ತಲೆನೂ ಹಾಕೋ ಹಾಗಿಲ್ಲ.”

“ಪೂಜೆ ಹೊತ್ತಲ್ಲಿ ತಾನೇ?”

“ಗೃಹಪ್ರವೇಶದ ತನಕ!”

ಬೇರೆಯವರಿಗೆ ಪೂಜೆಯ ಹೊತ್ತಿನಲ್ಲಿ ಮರೆಯಾಗಿದ್ದರೆ ಸಾಕು. ಲಿಯೂ ಅವರ ಜಾಗ್ರತೆಗೆ ಅಷ್ಟು ಸಾಲದು. ಇಡೀ ಊರನ್ನು ಗೇಟಿನಾಚೆ ನಿಲ್ಲಿಸಿದ ಮಹಾನುಭಾವರು ತಮ್ಮ ಮನೆಯ ಗೇಟಿನಾಚೆ ತಾವೇ ನಿಂತರು.

ಅಷ್ಟರಲ್ಲಿ ಚಳಿಗಾಲದ ಮಳೆ ಹಿಡಿಯಿತು. ಹುಯೆಯ ಈ ಮಳೆ ಬೀಳುವುದಿಲ್ಲ, ಬಂದು ಕೂರುತ್ತದೆ. ನೆಂಟರ ಹಾಗೆ, ತಿಂಗಳುಗಟ್ಟಲೆ. ಒಗೆದ ಬಟ್ಟೆ ಒಣಗುವುದಿಲ್ಲ, ಗೋಡೆಯ ಗಾರೆಯೂ ಒಣಗುವುದಿಲ್ಲ. ಎರಡು ದಿನ ಕೆಲಸ, ನಾಲ್ಕು ದಿನ ರಜೆ. ದಿನಾ ಸಂಜೆ ಲಿಯೂ ಬಂದ ಕೂಡಲೇ ತಿಯೆಮರು ಹೆಂಡತಿಯ ಮುಖ ನೋಡುತ್ತಿರಲಿಲ್ಲ, ಚಪ್ಪಲಿ ನೋಡುತ್ತಿದ್ದರು. ಕೆಮ್ಮಣ್ಣು ಮೆತ್ತಿದ್ದರೆ ಇನ್ನೂ ಪಾಯ. ಇಟ್ಟಿಗೆ ಪುಡಿ ಕಂಡರೆ ಗೋಡೆ ಎದ್ದಿದೆ. ಸಿಮೆಂಟಿನ ಬೂದು ಬಣ್ಣ ಕಂಡ ದಿನ ಒಂದು ಮುಷ್ಟಿ ಅನ್ನ ಹೆಚ್ಚಿಗೆ ಉಂಡರು.

“ಅಡುಗೆಮನೆ ಕಿಟಕಿ ಎಷ್ಟೆತ್ತರ ಬಂದಿದೆ?”

“ನನ್ನ ಎದೆ ಮಟ್ಟ.”

“ನಿಂತ್ಕೋ, ನೋಡೋಣ.” ಎದ್ದು ಹೋಗಿ ಹೆಂಡತಿಯ ಎದೆಮಟ್ಟಕ್ಕೆ ಗಾಳಿಯಲ್ಲಿ ಎರಡೂ ಕೈ ಊರಿ, ಇಲ್ಲದ ಕಿಟಕಿಯಿಂದ ಹೊರಗೆ ಇಣುಕಿದರು. “ಇಲ್ಲಿಂದ ನದಿ ಕಾಣುತ್ತಾ?”

“ಮಳೆಯಲ್ಲಿ ಏನ್ರೀ ಕಾಣುತ್ತೆ?”

“ಮಳೆ ಆದ್ರೂ ಕಾಣುತ್ತಲ್ಲ,” ಎಂದು ತಿಯೆಮರು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು.

ತಾರಸಿ ಹಾಕುವ ದಿನ ಬಂತು. ಕಾಂಕ್ರೀಟು ನಡುವೆ ನಿಲ್ಲಿಸುವ ಹಾಗಿಲ್ಲ. ಮೇಸ್ತ್ರಿ ಸುಂಗ್ ಇನ್ನೊಂದು ಊರಿನಿಂದ ಹದಿನೈದು ಆಳು ಕರೆಸಿದ್ದನಂತೆ. “ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲ, ಎಲ್ಲರೂ ನೀಲಿ ಮಳೆಯಂಗಿ,” ಎಂದು ಹಿಂದಿನ ಸಂಜೆ ಲಿಯೂ ಬಾಯಿತಪ್ಪಿ ಹೇಳಿಬಿಟ್ಟರು. ತಿಯೆಮರು ಆಕಳಿಸಿದರು. ಬೆಳಿಗ್ಗೆ ಹೆಂಡತಿ ಅತ್ತ ಹೋದದ್ದೇ ತಡ, ಇತ್ತ ಮೂಲೆಯಂಗಡಿಗೆ ಓಡಿ ಒಂದು ನೀಲಿ ಮಳೆಯಂಗಿ, ಬಾಯಿಗೆ ಕಟ್ಟುವ ಒಂದು ಮಾಸ್ಕು ಕೊಂಡರು. ಉದ್ದೇಶ ಪರಮ ಪವಿತ್ರ: ಬೇಲಿಯಾಚೆ ನಿಂತು ಐದು ನಿಮಿಷ ನೋಡುವುದು, ಬರುವುದು. ಬೇಲಿಯೊಳಗೆ ಕಾಲಿಡುವುದಿಲ್ಲ. ಕುತ್ತಿಗೂ ಒಂದು ಮರ್ಯಾದೆ ಬೇಡವೇ?

ನೋಡಿದರು. ಗೋಡೆಗಳು! ನಿಜವಾದ ಗೋಡೆಗಳು, ಅಲ್ಲಾಡದೆ ನಿಂತಿವೆ!

“ಏಯ್ ನೀಲಿ ಅಂಗಿ! ಮದುವೆ ನೋಡೋಕೆ ಬಂದಿದೀಯಾ? ಬಾ, ಬಕೆಟ್ ಹಿಡಿ!”

ಮೇಸ್ತ್ರಿ ಸುಂಗ್! ಅವನು ತಿಯೆಮರನ್ನು ಹಿಂದೆಂದೂ ಕಂಡವನಲ್ಲ. ಹಿಂದೆ ಮುಂದೆ ನೋಡುವಷ್ಟರಲ್ಲಿ ತೋಳು ಹಿಡಿದೆಳೆದು ಏಣಿಯ ಬುಡದಲ್ಲಿ, ಆಳುಗಳ ಸಾಲಿನ ನಡುವೆ ನಿಲ್ಲಿಸಿಬಿಟ್ಟ. ಎಡಗಡೆಯಿಂದ ಬಕೆಟ್ ಬಂತು, ಬಲಗಡೆಗೆ ಹೋಯಿತು. ಮೊದಲ ಹತ್ತು ಬಕೆಟ್ ಸ್ವರ್ಗ. ನನ್ನ ತಾರಸಿ! ನನ್ನ ಕೈ! ಇಪ್ಪತ್ತನೆಯದಕ್ಕೆ ಸೊಂಟ ಮಾತಾಡಿತು. ನಲವತ್ತನೆಯದಕ್ಕೆ ಸೊಂಟ ಮಾತು ನಿಲ್ಲಿಸಿತು. ಅದು ಇನ್ನೂ ಅಪಾಯ!

ಮೇಲೆ ಗೃಹಸ್ವಾಮಿ ಕ್ವಿ ಪಾಲಿಶ್ ಬೂಟು ತೊಟ್ಟು, ಛತ್ರಿ ಹಿಡಿದು, ಅಂಗಡಿಯ ಮಾಲೀಕನಿಗೆ ಫೋನಿನಲ್ಲಿ ರಜೆ ಬೇಡುತ್ತಿದ್ದ.

“ಯಜಮಾನ್ರೇ, ನೀರಿನ ಇಳಿಜಾರು ಮುಂದಕ್ಕೋ ಹಿಂದಕ್ಕೋ?” ಮೇಸ್ತ್ರಿ ಕೇಳಿದ.

ಕ್ವಿ ಫೋನಿಗೆ ಕೈ ಮುಚ್ಚಿ, “ಮುಂದಕ್ಕೇ ಇರ್ಲಿ, ನೋಡೋಕೆ ಲಕ್ಷಣವಾಗಿರುತ್ತೆ,” ಎಂದ.

“ಬೇಡ! ಬೇಡ!” ಕೆಳಗಿನಿಂದ ಒಂದು ಆರ್ತನಾದ. “ಬಾಗಿಲೆದುರೇ ನೀರು ಸುರಿಯುತ್ತೆ! ಹಿಂದಕ್ಕೆ ಬಿಡ್ರಪ್ಪಾ, ಚರಂಡಿ ಇರೋದು ಹಿಂದೆ!”

ಮೇಸ್ತ್ರಿ ಅಂಚಿಗೆ ಬಂದು ಬಗ್ಗಿದ. “ಯಾರಯ್ಯಾ ಅದು? ಏನು, ನಿನ್ನ ಮನೆಯೇನಯ್ಯಾ ಇದು?”

ಸಾಲು ನಿಂತಿತು. ಹದಿನೈದು ನೀಲಿ ಅಂಗಿಗಳು ತಿಯೆಮರತ್ತ ತಿರುಗಿದವು. ಮೂವತ್ತೆಂಟು ವರ್ಷ ಕನಸು ಕಂಡ ಮನೆಯ ಕೆಳಗೆ ನಿಂತು ತಿಯೆಮರು ಮಾಸ್ಕನ್ನು ಇನ್ನಷ್ಟು ಮೇಲಕ್ಕೆಳೆದುಕೊಂಡರು.

“ಅಲ್ಲ ಮೇಸ್ತ್ರಿ. ನನ್ನದಲ್ಲ.”

“ಹಾಗಾದ್ರೆ ಸುಮ್ನೆ ಬಕೆಟ್ ನೋಡು!”

ಆಮೇಲೆ ಮೇಸ್ತ್ರಿ ಮೇಲೆ ಗೊಣಗಿದ್ದು ಕೇಳಿಸಿತು: “ಮುದುಕ ಹೇಳೋದು ಸರಿ. ಹಿಂದಕ್ಕೇ ಬಿಡ್ರೋ.” ಆ ದಿನ ತಿಯೆಮರಿಗೆ ಸಿಕ್ಕ ಗೆಲುವು ಇಷ್ಟೇ.

ಮಧ್ಯಾಹ್ನ ಲಿಯೂ ತಾವೇ ಅನ್ನ ಬಡಿಸಲು ಬಂದರು. ತಿಯೆಮರು ಮಳೆಯಂಗಿಯ ಟೋಪಿಯನ್ನು ಮೂಗಿನ ತನಕ ಎಳೆದುಕೊಂಡು ಗೋಡೆಯ ಕಡೆ ತಿರುಗಿ ಕೂತರು. ತಟ್ಟೆಗೆ ದೊಪ್ಪನೆ ಏನೋ ಬಿತ್ತು. ನೋಡಿದರೆ ಬತ್ತಿಸಿದ ಮೀನಿನ ನಡುತುಂಡು, ಅತಿ ದೊಡ್ಡದು! ಜೊತೆಗೊಂದು ಲೋಟ ಬಿಸಿ ಶುಂಠಿ ಚಹಾ.

“ಮೇಸ್ತ್ರೀ, ಈ ಹಿರಿಯರಿಗೆ ಅರ್ಧ ಬಕೆಟ್ ಕೊಡಿ ಸಾಕು,” ಎಂದು ಹೇಳಿ ಲಿಯೂ ಮುಂದೆ ಹೋದರು.

ತಿಯೆಮರಿಗೆ ಉರಿದುಹೋಯಿತು. ಮನೆಯಲ್ಲಿ ತಮಗೆ ಸಿಗುವುದು ಬಾಲ! ಯಾವನೋ ಪರಊರಿನ ಮುದುಕನಿಗೆ ನಡುತುಂಡೇ? ಅರ್ಧ ಬಕೆಟ್ಟೇ? ಆ ಮುದುಕ ತಾವೇ ಎಂಬುದು ಸಿಟ್ಟಿನಲ್ಲಿ ಮರೆತೇಹೋಗಿತ್ತು.

ಸಂಜೆ ಅಡ್ಡದಾರಿಯಲ್ಲಿ ಓಡಿ, ಹೆಂಡತಿಗಿಂತ ಮೊದಲು ಮನೆ ಸೇರಿ, ಮೈ ತೊಳೆದು, ದಿನವಿಡೀ ಮಲಗಿದ್ದವರಂತೆ ಕಂಬಳಿ ಹೊದ್ದರು. ಲಿಯೂ ಬಂದು ಒದ್ದೆ ಕೂದಲು ಒರೆಸಿಕೊಂಡರು.

“ತಾರಸಿ ಆಯ್ತಾ?” ತಿಯೆಮರು ಮುಲುಗಿದರು.

“ಆಯ್ತು. ಆಳುಗಳು ಪಾಪ, ತುಂಬಾ ಕಷ್ಟಪಟ್ರು.”

“ಕಷ್ಟಪಟ್ಟೋರಿಗೆಲ್ಲ ನಡುತುಂಡು ಹಾಕೋದೇನು?”

ಮಾತು ಬಾಯಿ ದಾಟಿದ ಮೇಲೆ ತಿಯೆಮರು ಕಂಬಳಿಯನ್ನು ತಲೆಯ ಮೇಲೆಳೆದುಕೊಂಡರು. ಒಂದು ರೈಲಾದರೂ ಬರಬಾರದಿತ್ತೇ! ಬರಲಿಲ್ಲ.

“ಬೆನ್ನು ನೋಡಿದ್ರೆ ಗುರುತು ಸಿಗಲ್ವೇನ್ರೀ ನನಗೆ?” ಲಿಯೂ ಹಾಸಿಗೆಯ ಅಂಚಿಗೆ ಕೂತರು. “ಎಣ್ಣೆ ಹಚ್ತೀನಿ, ತಿರುಗಿ.”

ತಿಯೆಮರಿಗೆ ಧೈರ್ಯ ಬಂತು. “ನೋಡಿದ್ಯಾ, ಏನೂ ಆಗ್ಲಿಲ್ಲ! ಕುತ್ತಂತೆ ಕುತ್ತು! ಆಗೋದಿದ್ರೂ ನನಗೆ ತಾನೇ, ನಾನು ಹೆದರ್ತೀನಾ? ನಾಳೆನೂ ಹೋಗ್ತೀನಿ. ನಾಡಿದ್ದೂ ಹೋಗ್ತೀನಿ!”

ಬೆನ್ನ ಮೇಲಿನ ಕೈ ನಿಂತಿತು.

“ಕುತ್ತು ನಿಮಗಲ್ಲ,” ಎಂದರು ಲಿಯೂ.

“ಮತ್ತೆ?”

“ಜೋಯಿಸರು ಹೇಳಿದ್ದು ಹೆಂಡತಿಗೆ ಅಂತ. ಹಾಗಂತ ನಾನು ಹೇಳಿದ್ದಿದ್ರೆ ನೀವು ಮನೇನೇ ಬೇಡ ಅಂತ ಕೂತುಬಿಡ್ತಿದ್ರಿ.”

ತಿಯೆಮರು ದಡಕ್ಕನೆ ಎದ್ದು ಕೂತರು. ಸೊಂಟ ಕಿರುಚಿದ್ದು ಅವರಿಗೆ ಕೇಳಿಸಲಿಲ್ಲ. “ಹಾಗಾದ್ರೆ ನನ್ನ ಕಂಡ ಕೂಡ್ಲೇ ಕತ್ತು ಹಿಡಿದು ದಬ್ಬೋದಲ್ವೇನೇ!”

“ದಬ್ಬೋಣ ಅಂತಲೇ ಬಂದೆ. ನೀವು ಬಕೆಟ್ ಕೈಗೆ ಬಂದಾಗಲೆಲ್ಲ ತಲೆಯೆತ್ತಿ ತಾರಸಿ ನೋಡ್ತಿದ್ರಿ. ಮಾಸ್ಕಿನ ಮೇಲೆ ಕಣ್ಣು ಕಾಣ್ತಿತ್ತು. ಆಮೇಲೆ ಮನಸ್ಸು ಬರ್ಲಿಲ್ಲ.” ಲಿಯೂ ಎಣ್ಣೆ ಬಾಟಲಿಯ ಮುಚ್ಚಳ ತಿರುಗಿಸಿದರು. ಮೂಗು ಉಜ್ಜಿಕೊಂಡರು. ಆಮೇಲೆ ಸೀನಿದರು.

ಒಂದೇ ಒಂದು ಸೀನು! ತಿಯೆಮರ ಮುಖ ಸುಣ್ಣವಾಯಿತು. ಜೋಯಿಸರನ್ನು ಜೀವನವಿಡೀ ಗೇಲಿ ಮಾಡಿದ ಮನುಷ್ಯ ಎದ್ದು ಓಡಿದರು. ಹೆಂಡತಿಗೆ ಎರಡು ಕಂಬಳಿ ಹೊದಿಸಿದರು, ಕಿಟಕಿ ಮುಚ್ಚಿದರು, ಶುಂಠಿ ಜಜ್ಜಿದರು, ಹಣೆ ಮುಟ್ಟಿದರು, ತಮ್ಮ ಹಣೆ ಮುಟ್ಟಿ ಹೋಲಿಸಿದರು, ಮತ್ತೆ ಹಣೆ ಮುಟ್ಟಿದರು.

“ಮಳೆಯಲ್ಲಿ ನೆಂದಿದೀನಿ, ಸೀನು ಬರಲ್ವೇನ್ರೀ?”

“ಮಾತಾಡ್ಬೇಡ! ಕುಡಿ!”

ಆಗ ಕ್ವಿಯ ಫೋನು ಬಂತು. “ಮಾವ, ನಮ್ಮ ಮನೆ ತಾರಸಿ ಭರ್ಜರಿಯಾಗಿ ಬಂದಿದೆ!”

“ನಿಮ್ಮ ಮನೆ. ಸರಿ ಕಣಪ್ಪ.”

“ಒಂದು ವಿಷಯ ಮಾವ. ನಾಳೆ ಮೇಸ್ತ್ರಿಗೆ ಆಳು ಕಮ್ಮಿಯಂತೆ. ಇವತ್ತು ಒಬ್ಬ ಮುದುಕ ಬಂದಿದ್ದ, ಯಾರ ಕಡೆಯವನೋ ಗೊತ್ತಿಲ್ಲ, ಅತ್ತೆಗೇನಾದ್ರೂ ಗೊತ್ತಾ ಕೇಳಿ ಅಂದ. ಕೆಲಸ ನಿಧಾನ, ಬಾಯಿ ಜಾಸ್ತಿಯಂತೆ, ಆದ್ರೆ ಸ್ವಂತ ಮನೆ ಅನ್ನೋ ಹಾಗೆ ಮಾಡ್ತಾನಂತೆ. ಅವನು ಬಂದ್ರೆ ಗಾರೆ ಕೆಲಸಕ್ಕೂ ಇಟ್ಕೋತೀನಿ ಅಂತಿದಾನೆ.”

ಗಾರೆ ಕೆಲಸ! ಆ ಗೋಡೆಗಳ ಮೇಲೆ, ಅಂಗೈ ಊರಿ, ದಿನವಿಡೀ! ತಿಯೆಮರು ಕಣ್ಣು ಮುಚ್ಚಿದರು. ಎರಡು ಕಂಬಳಿಯ ನಡುವಿನಿಂದ ಲಿಯೂ ಅವರನ್ನೇ ನೋಡುತ್ತಿದ್ದರು, ಬೇಡ ಎಂದೂ ಹೇಳದೆ, ಹೋಗಿ ಎಂದೂ ಹೇಳದೆ.

“ಅವನು ಬರಲ್ಲ ಅಂತ ಹೇಳಪ್ಪ,” ಎಂದರು ತಿಯೆಮರು. “ಆ ಮುದುಕನಿಗೆ ಹೆಂಡತಿ ಇದ್ದಾಳೆ.”