ಇನ್ನೊಂದು ಕೋಟು ಬಾಕಿ

ಮನೆಯ ಯಜಮಾನನಿಗೆ ಸ್ವಂತ ಅಭಿಪ್ರಾಯ ಇರಬಾರದು ಎಂದು ಯಾವ ಕಾನೂನೂ ಹೇಳುವುದಿಲ್ಲ. ಆದರೂ ನಮ್ಮಲ್ಲಿ ಹೆಚ್ಚಿನವರು ಅದಿಲ್ಲದೆಯೇ ಸುಖವಾಗಿ ಬದುಕಿದ್ದೇವೆ. ಹಾರನಹಳ್ಳಿಯ ನಮ್ಮ ಮನೆಯಲ್ಲಿ ನಡುಮನೆಯ ಬಣ್ಣ ಹೆಂಡತಿಯ ಆಯ್ಕೆ, ದೇವರಮನೆಯದು ಅವ್ವನದು, ಗೇಟಿನದು ಎದುರುಮನೆಯವರದು. ಕೊನೆಗೆ ರಾಗಿ ಮೂಟೆ ಇಡುತ್ತಿದ್ದ ಹಿಂದಿನ ಕೋಣೆ ಖಾಲಿಯಾಗಿ ನನ್ನ ಪಾಲಿಗೆ ಬಂತು. ದಿನವಿಡೀ ಹೈಸ್ಕೂಲಿನ ಗದ್ದಲದಲ್ಲಿ ಗಂಟಲು ಹರಿದುಕೊಳ್ಳುವ ನನಗೆ ಸದ್ದು ಮಾಡದ ನಾಲ್ಕು ಗೋಡೆ ಬೇಕಿತ್ತು. ಪಿರಿಯಾಪಟ್ಟಣದ ಅಂಗಡಿಯಲ್ಲಿ ಬಣ್ಣದ ಕಾರ್ಡುಗಳನ್ನೆಲ್ಲ ತಿರುವಿ, ನೀಲಿಯೂ ಅಲ್ಲದ ಹಸಿರೂ ಅಲ್ಲದ ಒಂದು ಮಾಸಲು ಬಣ್ಣ ಹುಡುಕಿದೆ. ಬಿಸಿಲೇರುವ ಮುಂಚೆ ಕೆರೆಯ ನೀರು ಇರುತ್ತದಲ್ಲ, ಹಾಗಿತ್ತು. ಯಾರನ್ನೂ ಕೇಳದೆ ಡಬ್ಬ ತಂದೆ.

ಪೇಂಟರ್ ಸ್ವಾಮಿ ಅದನ್ನು ಕಲಕಿ ಕಲಕಿ ನನ್ನ ಮುಖ ನೋಡಿದ. "ಸಾ, ಇದ್ಕೆ ಇನ್ನೂ ಏನಾರ ಬೆರುಸ್ಬೇಕಾ?" ಅವನ ತಪ್ಪಲ್ಲ. ನಮ್ಮ ಕಡೆ ಬಣ್ಣವೆಂದರೆ ಬಸ್ಸಿನಲ್ಲಿ ಹೋಗುವವರೂ ಕತ್ತು ತಿರುಗಿಸಿ ನೋಡುವಂತಿರಬೇಕು. ಮಾಸಲು ಬೇಕಾದವರು ನಾಲ್ಕು ಮಳೆಗಾಲ ಸುಮ್ಮನೆ ಕಾಯುತ್ತಾರೆ, ದುಡ್ಡು ಕೊಟ್ಟು ತರುವುದಿಲ್ಲ. ಅಂತೂ ನನ್ನ ಒತ್ತಾಯಕ್ಕೆ ಅದನ್ನೇ ಬಳಿದು ಹೋದ. ಆ ಭಾನುವಾರ ಕುರ್ಚಿ ಹಾಕಿಕೊಂಡು ಗೋಡೆ ನೋಡುತ್ತ ಕೂತೆ. ನಿಜ ಹೇಳುತ್ತೇನೆ, ತುಂಬ ಸಂತೋಷವಾಯಿತು.

ಅಷ್ಟರಲ್ಲಿ ಮಿರ್ಲೆಯಿಂದ ಚಿಕ್ಕಪ್ಪ ಬಂದರು. ಕೋಣೆಯನ್ನು ಮೇಲಿಂದ ಕೆಳಗೆ ನೋಡಿ, "ಚೆಂದಾಗಾಯ್ತದೆ ಕಣ್ಲಾ. ಇನ್ನೊಂದು ಕೋಟು ಬಾಕಿ ಅದೆ, ಅಲ್ವಾ?" ಎಂದರು. ಬಣ್ಣ ಇರುವುದೇ ಹೀಗೆ ಎಂದು ಆ ವಯಸ್ಸಿನವರಿಗೆ ಕಾಫಿ ಆರುವವರೆಗೂ ಪಾಠ ಮಾಡುವುದೆ? "ಹೂಂ ಚಿಕ್ಕಪ್ಪ, ಬಾಕಿ ಅದೆ" ಎಂದುಬಿಟ್ಟೆ. ಒಬ್ಬರಿಗೆ ಹೇಳಿದ ಮೇಲೆ ಇನ್ನೊಬ್ಬರಿಗೆ ಹೇಳುವುದು ಸುಲಭ. ಹಾಲಿನವನಿಗೂ ಹೇಳಿದೆ, ಎದುರುಮನೆಯವರಿಗೂ ಹೇಳಿದೆ. "ಯಾವಾಗ್ಲಾ ಒಡ್ಸದು?" ಎಂದು ಅವ್ವ ಕೇಳಿದಾಗ, "ಒಡ್ಸುದ್ರಾಯ್ತು ಬುಡವ್ವ" ಎಂದೆ. ಹೆಂಡತಿ ಮಾತ್ರ, "ಇದೇ ಬಣ್ಣ, ನಂಗಿಷ್ಟ ಅಂತ ಹೇಳಕ್ಕೆ ನಿಮಗೇನ್ರೀ ಕಷ್ಟ?" ಎಂದು ಗೊಣಗಿದಳು. ಕಷ್ಟವೇನಿಲ್ಲ. ಅಭ್ಯಾಸವಿಲ್ಲ, ಅಷ್ಟೆ.

ಒಂದು ಸಂಜೆ ಶಾಲೆಯಿಂದ ಬಂದರೆ ಗೇಟಿಗೇ ಪೇಂಟಿನ ವಾಸನೆ. ನನ್ನ ಕೋಣೆ ಗಿಳಿಹಸಿರಾಗಿತ್ತು. ಸ್ವಾಮಿ ಬ್ರಷ್ ತೊಳೆಯುತ್ತಿದ್ದ. "ಕೋಟು ಬಾಕಿ ಅದೆ ಅಂತ ಎಲ್ಲಾರ್ತಾವೂ ನೀವೇ ಅಂತಿದ್ರಂತಲ್ಲ ಸಾ? ಜನ ನನ್ನೇ ಕೇಳ್ತಾವ್ರೆ, ಕೆಲ್ಸ ಯಾಕ್ಲಾ ಅರ್ಧಕ್ಕೆ ಬುಟ್ಟೆ ಅಂತ. ನನ್ ಮರ್ವಾದೆ ಏನಾಗ್ಬೇಕು? ಅವ್ವಾರು ಬಣ್ಣ ತರ್ಸುದ್ರು, ಮುಗುಸ್ಬುಟ್ಟೆ." ಬಾಗಿಲಲ್ಲಿ ನಿಂತಿದ್ದ ಅವ್ವ, "ಎಂಗದ್ಲಾ ಈಗ?" ಎಂದಳು. ಹೆಂಡತಿ ಅಡುಗೆಮನೆಯಿಂದ ನನ್ನನ್ನೇ ನೋಡುತ್ತಿದ್ದಳು. "ಈಗ ಸರಿಹೋಯ್ತು ನೋಡವ್ವ" ಎಂದೆ.

ಮೊನ್ನೆ ನಮ್ಮ ಹೆಡ್‌ಮಾಸ್ಟರು ಮನೆಗೆ ಬಂದಿದ್ದರು. ಕೋಣೆಯ ಬಾಗಿಲಲ್ಲೇ ನಿಂತು ಕಣ್ಣು ಕಿರಿದು ಮಾಡಿಕೊಂಡು, "ಯಾರ ಆಯ್ಕೆ ಮೇಷ್ಟ್ರೇ ಇದು? ಇಂಥ ಬಣ್ಣ ಹೊಡೆಸೋಕೆ ಭಾರಿ ಧೈರ್ಯ ಬೇಕು ಕಣ್ರೀ" ಎಂದರು.

"ನಂದೇ ಸಾರ್" ಎಂದೆ.