ಮೂರು ಗೆರೆಯ ಸಾಧನೆ

ಕಾಲೇಜಿನಿಂದ ಬಂದ ಫಾರಂ ಒಂದು ತಿಂಗಳಿನಿಂದ ನಾಲ್ಕು ಮಡಿಕೆಯಾಗಿ ಅಡುಗೆಮನೆಯ ಮೇಜಿನ ಕುಂಟುಕಾಲಿನ ಕೆಳಗೆ ಕೂತು ಮನೆಗೆ ಉಪಕಾರ ಮಾಡುತ್ತಿತ್ತು. ಅದನ್ನು ಅದರ ಪಾಡಿಗೆ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಬೆಳಿಗ್ಗೆ ಎಂಟಕ್ಕೇ ಕಾಲೇಜಿನ ಗುಮಾಸ್ತರ ಫೋನ್ ಬಂತು.

"ಎಲ್ರದ್ದೂ ಬಂದಿದೆಯಮ್ಮ, ನಿಮ್ಮದೊಂದೇ ಬಾಕಿ. ಸಂಜೆ ಐದರೊಳಗೆ ಕಳಿಸಿಬಿಡಿ, ಪುಸ್ತಕ ಅಚ್ಚಿಗೆ ಹೋಗಬೇಕು."

ಅಮ್ಮ ಫಾರಂ ಎಳೆದಳು. ಮೇಜು ವಾಲಿತು. ಅರ್ಧ ಲೋಟ ಕಾಫಿ ಮಗಳ ಒಗೆದ ಕುಪ್ಪಸದ ಮೇಲೆ ಬಿತ್ತು. ದಿನ ಹೇಗಿರುತ್ತದೆಂದು ಮಗಳಿಗೆ ಆಗಲೇ ಗೊತ್ತಾಗಬೇಕಿತ್ತು.

ಅವಳು ತತ್ವಶಾಸ್ತ್ರದಲ್ಲಿ ಬಿ.ಎ. ಮಾಡಿ ಎರಡು ವರ್ಷವಾಗಿತ್ತು. ಮೂರು ಅಂತಸ್ತಿನ ಆ ಕಟ್ಟಡದಲ್ಲಿ ಎಲ್ಲರೂ ಅವಳನ್ನು ಫಿಲಾಸಫಿ ಎಂದೇ ಕರೆಯುತ್ತಿದ್ದರು. "ಏ ಫಿಲಾಸಫಿ, ಹಾಲು ಉಕ್ಕುತ್ತಿದೆ ನೋಡೇ" ಎಂದು ಅಮ್ಮನೂ ಕೂಗುವಳು. ಕೆಲಸ ಫ್ಯಾನ್ ತಯಾರಿಸುವ ಕಂಪನಿಯೊಂದರ ದೂರು ವಿಭಾಗದಲ್ಲಿ. ಅದೂ ತಾತ್ಕಾಲಿಕ.

ಫಾರಂನ ತಲೆಯ ಮೇಲೆ ‘ನಮ್ಮ ಹೆಮ್ಮೆಯ ಹಳೆ ವಿದ್ಯಾರ್ಥಿಗಳು’ ಎಂದಿತ್ತು. ಅದರ ಕೆಳಗೆ ‘ಪದವಿಯ ನಂತರದ ನಿಮ್ಮ ಸಾಧನೆ’ ಎಂದು ಕೇಳಿ ಮೂರು ಗೆರೆ ಎಳೆದಿದ್ದರು. ಫಿಲಾಸಫಿ ಪೆನ್ಸಿಲ್ ತೆಗೆದುಕೊಂಡು, ‘ಫ್ಯಾನ್ ಕಂಪನಿಯಲ್ಲಿ ದೂರುಗಳಿಗೆ ಉತ್ತರ ಬರೆಯುತ್ತೇನೆ’ ಎಂದು ಬರೆದು ತಲೆ ಬಾಚಲು ಹೋದಳು.

ಸತ್ಯ ಬರೆಯಲು ಅವಳಿಗೊಂದು ಕಾರಣವೂ ಇತ್ತು. ಅದೇ ಕಾಲೇಜಿನ ಗ್ರಂಥಾಲಯದಲ್ಲಿ ಸಹಾಯಕಿಯ ಕೆಲಸಕ್ಕೆ ಅವಳು ಗುಟ್ಟಾಗಿ ಅರ್ಜಿ ಹಾಕಿದ್ದಳು. ಸಣ್ಣ ಕೆಲಸವೇ. ಆದರೆ ಕಾಯಂ; ದೂರುವವರಿಲ್ಲ, ಸುತ್ತ ಪುಸ್ತಕ, ಕಿಟಕಿಯಾಚೆ ಒಂದು ಮರ. ತತ್ವಶಾಸ್ತ್ರ ಕಲಿಸಿದ ಮೇಷ್ಟ್ರೇ ಈಗ ಪ್ರಾಂಶುಪಾಲರು; ಫಾರಂ ಅವರ ಕೈಗೂ ಹೋಗುತ್ತದೆ, ಬಡಾಯಿ ಕೊಚ್ಚಿದರೆ ಕಷ್ಟ. ಯಾರನ್ನು ತೆಗೆದುಕೊಳ್ಳುತ್ತೇವೆಂದು ಅವರು ತಿಳಿಸುವುದು ಇವತ್ತೇ. ಮನೆಯಲ್ಲಿ ಹೇಳಿರಲಿಲ್ಲ. ಹಿಂದೊಮ್ಮೆ ಹೇಳಿದ್ದಕ್ಕೆ, ಸಂದರ್ಶನಕ್ಕೆ ಮೊದಲೇ ಇಡೀ ಕಟ್ಟಡ ಬಂದು ಅಭಿನಂದಿಸಿ ಹೋಗಿತ್ತು. ಆಮೇಲೆ ತಿಂಗಳುಗಟ್ಟಲೆ ಮೆಟ್ಟಿಲು ಇಳಿಯಲು ನಾಚಿಕೆ.

ತಲೆ ಬಾಚಿ ಬರುವಷ್ಟರಲ್ಲಿ ಅಮ್ಮ ಪೆನ್ಸಿಲ್ ಅಕ್ಷರ ಒರೆಸಿ, ಫಾರಂನ ಮೇಲೆ ‘ಇವತ್ತು ಐದರೊಳಗೆ’ ಎಂದು ಗುರುತು ಹಾಕಿ, ಇಂಕಿನಲ್ಲಿ ಮೊದಲ ಗೆರೆ ತುಂಬಿಸಿದ್ದಳು: ‘ನಾಡಿನ ಮೂಲೆಮೂಲೆಯ ಜನರ ಕಷ್ಟಗಳನ್ನು ದಿನವೂ ಆಲಿಸುತ್ತಾಳೆ.’

"ಅಮ್ಮಾ! ಏನಿದು?"

"ಯಾಕೆ, ಸುಳ್ಳಾ? ಜನ ನಿನಗೆ ಬರೀತಾರೋ ಇಲ್ವೋ?"

"ಫ್ಯಾನು ತಿರುಗ್ತಿಲ್ಲ ಅಂತ ಬರೀತಾರಮ್ಮ!"

"ಸೆಕೆಗಾಲದಲ್ಲಿ ಅದಕ್ಕಿಂತ ಕಷ್ಟ ಯಾವುದಿದೆ? ಕಾಗದದಲ್ಲಾದ್ರೂ ಸ್ವಲ್ಪ ನೆಟ್ಟಗೆ ನಿಂತ್ಕೊಳೇ ತಾಯಿ."

ಬಸ್ಸಿನ ಹೊತ್ತಾಗಿತ್ತು. ಅವಳು ಫಾರಂ ಕಿತ್ತುಕೊಂಡು ಇಳಿದಳು. ಅಮ್ಮ ಕಿಟಕಿಯಿಂದ ಕೂಗಿದಳು, "ಆಂಟೀ, ಇವಳ ಫಾರಂ ಒಂಚೂರು ನೋಡಿ!" ಕೆಳಗಿನ ಮನೆಯ ಟೈಲರ್ ಆಂಟಿ ಅಳತೆಯ ಟೇಪನ್ನು ಹೂಮಾಲೆಯ ಹಾಗೆ ಕೊರಳಿಗೆ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದರು. ಬಂದ ಬಟ್ಟೆ ಯಾವುದೇ ಇರಲಿ, ಒಂದಿಂಚು ಬಿಡಿಸಿ ಹೊಲಿಯುವುದು ಅವರ ಪದ್ಧತಿ.

"ಇದೇನೇ ಇಷ್ಟು ಬಿಗಿ! ನನ್ನ ತಂಗಿ ಮಗಳು ಅಂಗಡೀಲಿ ಚಪ್ಪಲಿ ಎತ್ತಿಡ್ತಾಳೆ. ಅವಳು ಏನು ಬರ್ದಿದ್ಳು ಗೊತ್ತಾ? ‘ಜನರ ಹೆಜ್ಜೆಗಳಿಗೆ ಮಾರ್ಗದರ್ಶನ’ ಅಂತ. ಕೊಡಿಲ್ಲಿ."

ಬೇಡ ಆಂಟಿ ಎನ್ನುವಷ್ಟರಲ್ಲಿ ಗೋಡೆಗೆ ಒತ್ತಿ ಬರೆದೇಬಿಟ್ಟರು: ‘ಇವಳ ಒಂದೊಂದು ಪತ್ರಕ್ಕೂ ನೂರಾರು ಸಂಸಾರಗಳು ಕಾದು ಕೂತಿರುತ್ತವೆ.’

ಇದೂ ಸುಳ್ಳಲ್ಲ. ಕೆಲವು ಸಂಸಾರಗಳು ವರ್ಷದಿಂದ ಕಾದು ಕೂತಿದ್ದವು.

ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಅವಳು ನಿರ್ಧರಿಸಿದಳು: ಮಧ್ಯಾಹ್ನ ಬಿಳಿ ಹಾಳೆಯಲ್ಲಿ ಇದ್ದದ್ದು ಇದ್ದಹಾಗೆ ಬರೆದು ಕಳಿಸುವುದು.

ದೂರು ವಿಭಾಗದಲ್ಲಿ ಕ್ಷಮೆ ಕೇಳಲು ಏಳು ನಮೂನೆಗಳಿದ್ದವು. ಒಂದನೆಯದು ಸದ್ದು ಮಾಡುವ ಫ್ಯಾನಿಗೆ. ಎರಡನೆಯದು ಸದ್ದನ್ನೂ ಮಾಡದ ಫ್ಯಾನಿಗೆ. ನಾಲ್ಕನೆಯದು ತಡವಾದದ್ದಕ್ಕೆ. ಆರನೆಯದು, ಈಗಾಗಲೇ ಎರಡು ಬಾರಿ ಕ್ಷಮೆ ಕೇಳಿಯೂ ಕೆಲಸವಾಗದವರಿಗೆ. ದೂರಿಗೊಂದು ಸಂಖ್ಯೆ, ಸಂಖ್ಯೆಗೊಂದು ನಮೂನೆ. ಬರೆದವರು ಯಾರು, ಎಲ್ಲಿಯವರು ಎಂದು ನೋಡುವ ಅಭ್ಯಾಸ ಅಲ್ಲಿರಲಿಲ್ಲ. ನೋಡಿದರೆ ಪಾಪ ಅನ್ನಿಸುತ್ತದೆ, ಪಾಪ ಅನ್ನಿಸಿದರೆ ಕೆಲಸ ಸಾಗುವುದಿಲ್ಲ. ಫಿಲಾಸಫಿ ಸಂಖ್ಯೆ ನೋಡಿ ಪತ್ರ ಬರೆದು ಸಹಿ ಹಾಕುವಳು. ವಿಳಾಸ ಬರೆದು ಲಕೋಟೆಗೆ ಹಾಕುವವರು ಪಕ್ಕದ ಮೇಜಿನ ಸ್ಟೇಪ್ಲರ್ ಅಣ್ಣ. ಎರಡು ಕಾಗದ ಹತ್ತಿರ ಹತ್ತಿರ ಇರುವುದು ಕಂಡರೆ ಸಾಕು, ಟಕ್ ಎನ್ನಿಸಿ ಗಂಟು ಹಾಕುವ ಮನುಷ್ಯ.

ಅವತ್ತು ವಿಭಾಗದ ಮುಖ್ಯಸ್ಥರಿಗೆ ಹಲ್ಲುನೋವು, ರಜೆ. ಕಾಗದಗಳು ಒಗೆಯಲು ಹಾಕಿದ ಬಟ್ಟೆಯ ಹಾಗೆ ಗುಡ್ಡೆ ಬಿದ್ದಿದ್ದವು. ಊಟದ ಹೊತ್ತಿಗೆ ಅವಳ ಬೆರಳುಗಳು ಮರಗಟ್ಟಿದ್ದವು. ಆದರೂ ಬಿಳಿ ಹಾಳೆ ತೆಗೆದು ಅಚ್ಚುಕಟ್ಟಾಗಿ ಬರೆದಳು: ‘ಫ್ಯಾನ್ ಕಂಪನಿಯಲ್ಲಿ ದೂರುಗಳಿಗೆ ಉತ್ತರ ಬರೆಯುತ್ತೇನೆ. ತಾತ್ಕಾಲಿಕ. ಬೇರೆ ಸಾಧನೆ ಇಲ್ಲ. ಪುಸ್ತಕ ಓದುವುದನ್ನು ಬಿಟ್ಟಿಲ್ಲ.’ ಬರೆದ ಮೇಲೆ ಯಾಕೋ ಎದೆ ಹಗುರವಾಯಿತು. ಹಾಳೆಯನ್ನು ಚೀಲಕ್ಕೆ ಹಾಕಿ, ಮುಖ ತೊಳೆಯಲು ಹೋದಳು. ಹಳೆಯ ಫಾರಂ ಮೇಜಿನ ಮೇಲೇ ಉಳಿಯಿತು.

ಬರುವಷ್ಟರಲ್ಲಿ ಸ್ಟೇಪ್ಲರ್ ಅಣ್ಣ ಮೊಬೈಲನ್ನು ಜೇಬಿಗೆ ಇಳಿಸುತ್ತಿದ್ದರು. ಮುಖದಲ್ಲಿ ದಾನ ಮಾಡಿದವರ ಕಳೆ.

"ಐದರೊಳಗೆ ಅಂತ ಮೇಲೇ ಬರ್ದಿದ್ರಲ್ಲಮ್ಮ, ನೀನು ಕೊನೆ ಗೆರೆ ಖಾಲಿ ಬಿಟ್ಟಿದ್ದೆ. ನಾನೇ ತುಂಬ್ಸಿ, ಫೋಟೊ ಹೊಡ್ದು, ಅದ್ರಲ್ಲಿದ್ದ ನಂಬರಿಗೆ ಕಳ್ಸಿಬಿಟ್ಟೆ. ಥ್ಯಾಂಕ್ಸ್ ಗೀಂಕ್ಸ್ ಬೇಡ."

"ಏನು ತುಂಬ್ಸಿದ್ರಿ ಅಣ್ಣಾ?" ಅವಳ ದನಿ ಎರಡನೇ ನಮೂನೆಯ ಫ್ಯಾನಿನಂತಾಗಿತ್ತು.

"‘ಪ್ರಸ್ತುತ ಇಡೀ ವಿಭಾಗವನ್ನು ಏಕಾಂಗಿಯಾಗಿ ನಡೆಸುತ್ತಿದ್ದಾರೆ.’ ಸಾಹೇಬ್ರು ಇಲ್ಲ. ನಾನಂತೂ ಲಕೋಟೆ ಅಂಟಿಸೋನು. ನಡೆಸ್ತಿರೋದು ಯಾರು ಮತ್ತೆ?"

ಫಿಲಾಸಫಿ ಫಾರಂ ಎತ್ತಿಕೊಂಡು ಓದಿದಳು. ಮೂರು ಗೆರೆ, ಮೂರೂ ನಿಜ, ಒಟ್ಟು ಸೇರಿದರೆ ಶುದ್ಧ ಸುಳ್ಳು. ಇದು ಹೇಗೆ ಸಾಧ್ಯ ಎಂಬುದನ್ನು ಅವಳು ಮೂರು ವರ್ಷ ಓದಿದ್ದಳು, ಆಗಲೂ ತಿಳಿದಿರಲಿಲ್ಲ.

ಕಾಲೇಜಿಗೆ ನಾಲ್ಕು ಸಲ ಫೋನ್ ಮಾಡಿದಳು. ಯಾರೂ ಎತ್ತಲಿಲ್ಲ. ನಾಲ್ಕೂಮುಕ್ಕಾಲಿಗೆ ಅಲ್ಲಿಂದಲೇ ಬಂತು. ಪ್ರಾಂಶುಪಾಲರೇ.

"ಮಗೂ," ಎಂದರು ಮೇಷ್ಟ್ರು. "ನಮ್ಮ ತತ್ವಶಾಸ್ತ್ರ ಓದಿ ಏನಾಗ್ತಾರೆ ಅಂತ ಎಲ್ಲರೂ ನಗ್ತಿದ್ರು. ಇವತ್ತು ನಿನ್ನ ಫಾರಂ ಸೂಚನಾ ಫಲಕಕ್ಕೆ ಹಾಕಿಸಿದೀನಿ."

"ಸರ್, ಅದು ನಿಜ ಅಲ್ಲ ಸರ್..."

"ಹಾಗಾದ್ರೆ ನೀನು ಜನರ ಕಷ್ಟ ಕೇಳೋದಿಲ್ವಾ?"

"ಕೇಳ್ತೀನಿ ಸರ್, ಆದ್ರೆ..."

"ನಿನ್ನ ಪತ್ರಕ್ಕೆ ಯಾರೂ ಕಾಯೋದಿಲ್ವಾ?"

"ಕಾಯ್ತಾರೆ ಸರ್..."

"ಈ ಕ್ಷಣ ಆ ವಿಭಾಗ ನಡೆಸ್ತಿರೋದು ಯಾರು?"

"ನಾನೇ. ಆದ್ರೆ ಸರ್..."

"ಮತ್ತೆ? ವಿನಯ ಇರಬೇಕು ಮಗೂ, ಇಷ್ಟೊಂದು ಬೇಡ." ಅವರು ಮೂಗೊರೆಸಿಕೊಂಡ ಸದ್ದು ಕೇಳಿತು. "ನಿನ್ನ ಹೆಸರಲ್ಲಿ ಗ್ರಂಥಾಲಯದ ಕೆಲಸಕ್ಕೆ ಒಂದು ಅರ್ಜಿ ಇತ್ತು. ಬೆಳಿಗ್ಗೆ ಆದೇಶಕ್ಕೆ ಸಹಿ ಹಾಕಿ, ಅಂಚೆಗೆ ಹಾಕಿಸ್ಬೇಕು ಅಂತಿದ್ದೆ. ಅಷ್ಟರಲ್ಲಿ ಈ ಫಾರಂ ಬಂತು. ಹಳೆ ಮೇಷ್ಟ್ರ ಮೇಲಿನ ಪ್ರೀತಿಗೆ ಇಷ್ಟು ದೊಡ್ಡ ಹುದ್ದೆ ಬಿಟ್ಟು ಇಲ್ಲಿ ಧೂಳು ಹೊಡೆಯೋಕೆ ಬರ್ತಿದಾಳಲ್ಲ ಅಂತ ಕಣ್ಣಲ್ಲಿ ನೀರು ಬಂತು. ಅಷ್ಟು ತ್ಯಾಗ ನಾನು ಒಪ್ಪಲ್ಲ. ಆದೇಶ ಹರಿದು ಹಾಕಿದೆ."

"ಹರಿದು..."

"ನಿನ್ನ ತರಗತಿಯಲ್ಲೇ ಹಿಂದಿನ ಬೆಂಚಿನಲ್ಲಿ ನಿದ್ದೆ ಮಾಡ್ತಿದ್ನಲ್ಲ, ಅವನು ಫಾರಂನಲ್ಲಿ ‘ಏನೂ ಇಲ್ಲ’ ಅಂತಷ್ಟೇ ಬರ್ದಿದ್ದ. ಕರೆಸಿ ಕೊಟ್ಟೆ. ಬಂದು ಕೂತೂ ಆಯ್ತು."

ಅವಳು ಮೇಜಿನ ಮೇಲಿನ ಫಾರಂ ಮಗುಚಿ ಹಾಕಿದಳು. ಮೇಷ್ಟ್ರು ಮುಂದುವರಿಸಿದರು.

"ಇನ್ನೊಂದು ವಿಷಯ. ಅರ್ಜಿಯಲ್ಲಿ ನೋಡ್ದೆ, ಗ್ರಂಥಾಲಯದ ಫ್ಯಾನು ನಿಮ್ಮ ಕಂಪನೀದೇ. ಎಂಟು ತಿಂಗಳಿಂದ ಕಟಕಟ ಅಂತಿದೆ. ಎರಡು ಸಲ ಬರೆದೆ, ಎರಡು ಸಲ ಬರೀ ಕ್ಷಮಾಪಣೆ ಬಂತು. ಯಾರೋ ಹೃದಯವೇ ಇಲ್ಲದೋರು ಬರ್ದಿದಾರೆ. ಇನ್ನು ನೀನೇ ಇದೀಯಲ್ಲ, ನೋಡ್ಕೋ. ಅವನಿಗೆ ನಿದ್ದೆ ಬರ್ತಿಲ್ಲವಂತೆ."

ಫಿಲಾಸಫಿ ಎದ್ದು ಕಡತ ಹುಡುಕಿದಳು. ಸಿಕ್ಕಿತು. ಮೊದಲು ಒಂದನೇ ನಮೂನೆ, ಆಮೇಲೆ ನಾಲ್ಕನೇ ನಮೂನೆ. ಎರಡರ ಪ್ರತಿಯ ಅಡಿಯಲ್ಲೂ ಅವಳದೇ ದುಂಡು ಸಹಿ, ಹೆಸರು ಓದಲಾಗದಂಥದು. ಎರಡನ್ನೂ ಯಾರೋ ಐದು ಕಡೆ ಸ್ಟೇಪಲ್ ಮಾಡಿದ್ದರು.

ಆರನೇ ನಮೂನೆ ತೆಗೆದು ಬರೆಯತೊಡಗಿದಳು: ‘ಮಾನ್ಯರೇ, ತಮಗೆ ಪದೇ ಪದೇ ಆಗುತ್ತಿರುವ ತೊಂದರೆಗಾಗಿ ನಾವು ತುಂಬ ವಿಷಾದಿಸುತ್ತೇವೆ...’ ಎರಡು ವರ್ಷದಲ್ಲಿ ಮೊದಲ ಸಲ ಅವಳು ಆ ವಾಕ್ಯವನ್ನು ಮನಸ್ಸಿಟ್ಟು ಬರೆದಿದ್ದಳು.

ಫೋನ್ ಹೊಡೆಯಿತು. ಅಮ್ಮ. "ಕಳ್ಸಿದ್ಯೇನೇ? ಏನಂದ್ರು?"

"ತುಂಬ ಹೆಮ್ಮೆ ಪಟ್ರು ಅಮ್ಮಾ."

"ನಾನು ಹೇಳ್ಲಿಲ್ವಾ!" ಅಮ್ಮನ ಸಂತೋಷಕ್ಕೆ ಮೇಜು ಅಲ್ಲಾಡಿದ್ದು ಇಲ್ಲಿಗೂ ಕೇಳಿಸಿತು. "ಹಾಂ, ಆ ಫಾರಂ ತೆಗೆದಾಗಿನಿಂದ ಈ ಮೇಜು ಕುಣೀತಾ ಇದೆ ಕಣೇ. ಬರ್ತಾ ಯಾವುದಾದ್ರೂ ಕೆಲಸಕ್ಕೆ ಬಾರದ ಕಾಗದ ಇದ್ರೆ ತಗೊಂಡು ಬಾ."

ಫಿಲಾಸಫಿ ಚೀಲದಿಂದ ಮಧ್ಯಾಹ್ನದ ಬಿಳಿ ಹಾಳೆ ತೆಗೆದಳು. ಒಂದು ಸಲ ಓದಿದಳು. ಆಮೇಲೆ ಕುಂಟುಕಾಲಿನ ಅಳತೆಗೆ ಸರಿಯಾಗಿ ನಾಲ್ಕು ಮಡಿಕೆ ಮಡಿಚಿದಳು.